ಕ್ಯಾಬಿನೆಟ್ಟಿನ ಒಳಅಂಚು

ಕಂಪ್ಯೂಟರಿನ ಪೆಟ್ಟಿಗೆಯನ್ನು ಮನೆಗಳಲ್ಲಿ ಸಿಪಿಯು ಎನ್ನುತ್ತಾರೆ, ಅಂಗಡಿಯವರು ಕ್ಯಾಬಿನೆಟ್ ಎನ್ನುತ್ತಾರೆ. ಆ ಒಂದು ವರ್ಷ ನಾನು ಮನಸ್ಸಿನೊಳಗೆ ಅದನ್ನು ಕರೆಯುತ್ತಿದ್ದ ಹೆಸರನ್ನು ಇಲ್ಲಿ ಬರೆಯುವ ಹಾಗಿಲ್ಲ. ಈಗಲೂ ಯಾರದಾದರೂ ಮೇಜಿನ ಕೆಳಗೆ, ಮುಖಕ್ಕೆ ಗಾಜು ಹೊದ್ದು ಒಳಗೆ ಬಣ್ಣದ ದೀಪ ತಿರುಗಿಸುತ್ತ ಕೂತ ಪೆಟ್ಟಿಗೆ ಕಂಡರೆ ನಾನು ಮುಖ ತಿರುಗಿಸಿಕೊಳ್ಳುತ್ತೇನೆ.

ನಾನು ತಮಿಳು ಸೀಮೆಯಲ್ಲಿ, ಕುರಿಚಿಯ ಕೈಗಾರಿಕಾ ಪ್ರದೇಶದ ಒಂದು ತಗಡಿನ ಶೆಡ್ಡಿನಲ್ಲಿ ತಪಾಸಣೆಯ ಕೆಲಸ ಮಾಡುವವಳು. ಒಂದು ಪಕ್ಕ ಫೌಂಡ್ರಿ, ಇನ್ನೊಂದು ಪಕ್ಕ ಪಂಪಿನ ಬಿಡಿಭಾಗದವರು, ನಡುವೆ ನಾವು. ಮೀಟರ್ ಪೆಟ್ಟಿಗೆ, ಸ್ವಿಚ್ ಪೆಟ್ಟಿಗೆ, ಮಿಲ್ಲುಗಳ ಪ್ಯಾನೆಲ್ ಬಾಗಿಲು, ಇವೇ ನಮ್ಮ ಸರಕು. ತಗಡನ್ನು ಕತ್ತರಿಸಿ, ಮಡಿಸಿ, ತೂತು ಹೊಡೆದು, ಬಣ್ಣ ಹಾಕಿ ಕಳಿಸುತ್ತಾರೆ. ಕಳಿಸುವ ಮೊದಲು ಅಳತೆ, ಬಾಗಿಲಿನ ಸಂದು, ಬಣ್ಣದ ಗುಳ್ಳೆ ಎಲ್ಲ ನೋಡಿ ಸಹಿ ಹಾಕುವುದು ನನ್ನ ಪಾಲು. ಹತ್ತೊಂಬತ್ತು ವರ್ಷದಿಂದ ಹಾಕುತ್ತಿದ್ದೇನೆ.

ನಮ್ಮ ಮಾಲೀಕರು ಕೆಟ್ಟ ಮನುಷ್ಯರಲ್ಲ. ತಂದೆಯಿಂದ ಬಂದ ಶೆಡ್ಡು, ಸದಾ ಉಡುವ ಬಿಳಿ ವೇಷ್ಟಿ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಸುವ ಅಭ್ಯಾಸ. ನನ್ನನ್ನು ಈ ಕಡೆಯ ರೂಢಿಯಂತೆ ‘ಅಮ್ಮಣಿ’ ಎಂದೇ ಕರೆಯುತ್ತಾರೆ. ಒಂದು ದಿನ ನನ್ನ ಮೇಜಿನ ಹತ್ತಿರ ಬಂದು ತಮಿಳಿನಲ್ಲಿ ಹೇಳಿದರು:

“ಅಮ್ಮಣಿ, ಕಂಪ್ಯೂಟರ್ ಕ್ಯಾಬಿನೆಟ್ ಮಾಡೋಣ ಅಂತಿದ್ದೀನಿ. ಮೀಟರ್ ಪೆಟ್ಟಿಗೆಯೂ ಪೆಟ್ಟಿಗೆಯೇ, ಇದೂ ಪೆಟ್ಟಿಗೆಯೇ. ನಮಗೇನು ಕಷ್ಟ?”

ವಿನ್ಯಾಸಕ್ಕೆಂದು ಚೆನ್ನೈಯಿಂದ ಒಬ್ಬರನ್ನು ಕರೆಸಿದ್ದರು. ನಲವತ್ತರ ಆಸುಪಾಸು, ಮೆಲುಮಾತು, ಶೆಡ್ಡಿನ ಎಣ್ಣೆ ನೆಲದ ಮೇಲೆ ಪಾದದ ಬದಿಯೂರಿ ನಡೆಯುವ ರೀತಿ. ಅವರು ಲ್ಯಾಪ್‌ಟಾಪಿನಲ್ಲಿ ಚಿತ್ರ ತೋರಿಸಿದರು. ಕತ್ತಲೆ ಕೋಣೆ, ನೀಲಿ ಬೆಳಕು, ನಡುವೆ ಗಾಜಿನ ಪೆಟ್ಟಿಗೆ. ಕೋಣೆಯಲ್ಲಿ ಮನುಷ್ಯರಿರಲಿಲ್ಲ. ಮನುಷ್ಯರು ಕೂರುವ ಕುರ್ಚಿಯೂ ಇರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಎರಡು ತಿಂಗಳಿಗೆ ಮೊದಲ ಮಾದರಿ ತಯಾರಾಗಿ ನನ್ನ ಮೇಜಿಗೆ ಬಂತು. “ಉಪಯೋಗಿಸುವವರ ಕಣ್ಣಿನಿಂದ ನೋಡಿ ಒಂದು ವರದಿ ಬರೆದುಕೊಡಿ” ಎಂದರು ಮಾಲೀಕರು.

ನೋಡಿದೆ. ಎರಡು ದಿನ ನೋಡಿದೆ. ಮುಖಕ್ಕೆ ಪೂರ್ತಿ ಗಾಜು. ಆ ಗಾಜಿನ ಹಿಂದೆ ಮೂರು ಫ್ಯಾನು, ಅವಕ್ಕೆ ಗಾಳಿ ಬರಲು ಪಕ್ಕದಲ್ಲಿ ಒಂದು ಬೆರಳೂ ತೂರದ ಸೀಳು. ಮೂಗಿಗೆ ಪ್ಲಾಸ್ಟರ್ ಹಚ್ಚಿ ಓಡು ಎಂದ ಹಾಗೆ. ಆನ್ ಮಾಡುವ ಗುಂಡಿ ನೆತ್ತಿಯ ಮೇಲೆ, ಎಲ್ಲರೂ ಟೀ ಲೋಟ, ಪುಸ್ತಕ, ಬೀಗದ ಕೈ ಇಡುವ ಜಾಗದಲ್ಲಿ. ಅದರ ಪಕ್ಕದಲ್ಲೇ ಪೆನ್‌ಡ್ರೈವಿನ ತೂತುಗಳು, ಬಾಯಿ ತೆರೆದು ಆಕಾಶ ನೋಡುತ್ತ, ಬೀಳುವ ಧೂಳನ್ನೆಲ್ಲ ನುಂಗಲು ಸಿದ್ಧವಾಗಿ. ಧೂಳು ತಡೆಯುವ ಜಾಲರಿಯನ್ನು ತಳದಲ್ಲಿ ಹಾಕಿದ್ದರು. ಅದನ್ನು ತೊಳೆಯಬೇಕಾದರೆ ಇಡೀ ಪೆಟ್ಟಿಗೆಯನ್ನು ಮಲಗಿಸಿ ನಾಲ್ಕು ಸ್ಕ್ರೂ ಬಿಚ್ಚಬೇಕು. ಎರಡು ಸಲ ಬಿಚ್ಚಿ ಹಾಕಿದ್ದಕ್ಕೆ ಒಂದರ ತಿರುಪಿನ ಗೆರೆ ಸವೆದುಹೋಯಿತು. ಪಕ್ಕದ ಬಾಗಿಲು ತೆಗೆದರೆ ಮತ್ತೆ ಕೂರಿಸಲು ಮೊಣಕಾಲಿನಿಂದ ಒತ್ತಬೇಕು. ವೈರು ಹಾಯಿಸಲು ಕೊಟ್ಟ ಕಿಂಡಿಯಲ್ಲಿ ವೈರಿನ ತುದಿಯ ಪ್ಲಗ್ಗೇ ತೂರುವುದಿಲ್ಲ. ಇದರ ನಕ್ಷೆ ಬರೆದವನು ಒಮ್ಮೆಯಾದರೂ ಕೈಯಲ್ಲಿ ಸ್ಕ್ರೂ ಡ್ರೈವರ್ ಹಿಡಿದು ಇದರ ಮುಂದೆ ಕೂತಿದ್ದಾನೆಯೇ ಎಂದು ಕೇಳಿಕೊಂಡೆ. ಇಲ್ಲ ಎಂದು ಪೆಟ್ಟಿಗೆಯ ಪ್ರತಿ ಮೂಲೆಯೂ ಹೇಳುತ್ತಿತ್ತು.

ಆಮೇಲೆ ಅಂಚುಗಳನ್ನು ನೋಡಿದೆ. ತಗಡು ಕತ್ತರಿಸಿದಾಗ ಅಂಚಿನಲ್ಲಿ ಗರಗಸದಂಥ ಸಣ್ಣ ಹಲ್ಲು ಉಳಿಯುತ್ತದೆ. ನಮ್ಮ ಶೆಡ್ಡಿನಲ್ಲಿ ಅದಕ್ಕೆ ‘ಪಿಸಿರು’ ಎನ್ನುತ್ತಾರೆ. ಅರ ಹಾಕಿ ಉಜ್ಜಿದರೆ ಹೋಗುತ್ತದೆ, ಇಲ್ಲವೇ ಅಂಚನ್ನೇ ಒಳಗೆ ಮಡಿಸಿಬಿಟ್ಟರೆ ಆ ಚಿಂತೆಯೇ ಇಲ್ಲ. ಹೊರಗೆ ಕಾಣುವ ಅಂಚುಗಳನ್ನು ಚೆನ್ನಾಗಿ ಉಜ್ಜಿದ್ದರು. ಒಳಗೆ, ಹಾರ್ಡ್ ಡಿಸ್ಕ್ ಕೂರಿಸುವ ಗೂಡಿನ ಕೆಳಗೆ, ಕಣ್ಣಿಗೆ ಬೀಳದ ಒಂದು ಅಂಚಿತ್ತು. ತಳದ ಜಾಲರಿಯ ಮೇಲೆ ಸೇರುವ ಧೂಳನ್ನು ತೆಗೆಯಬೇಕೆಂದರೆ ಕೈ ಹೋಗುವುದು ಅದರ ಅಡಿಯಿಂದಲೇ. ನಾನು ತೆಳು ಕಾಗದವೊಂದನ್ನು ಬೆರಳಿಗೆ ಸುತ್ತಿಕೊಂಡು ಆ ಅಂಚಿನ ಮೇಲೆ ಎಳೆದೆ. ಕಾಗದ ಎರಡಾಯಿತು.

ಮೇಜಿನ ಡ್ರಾಯರಿನಲ್ಲಿ ಅರ ಇತ್ತು. ತೆಗೆದೆ. ಮತ್ತೆ ಒಳಗಿಟ್ಟೆ. ಪರೀಕ್ಷೆಗೆ ಬಂದ ಮಾದರಿಯನ್ನು ತಿದ್ದಬಾರದು, ಬಂದದ್ದು ಬಂದ ಹಾಗೆ ಇರಬೇಕು ಎಂಬುದು ನಮ್ಮ ಕೆಲಸದ ಮೊದಲ ಪಾಠ. ನನಗೆ ಅದನ್ನು ಕಲಿಸಿದವರು ಬೈದು ಕಲಿಸಿದ್ದರು. ಹಾಗಾಗಿ ಉಜ್ಜುವ ಬದಲು ನೋಟುಪುಸ್ತಕ ತೆಗೆದು ಬರೆದೆ: ‘ಗೂಡಿನ ಕೆಳಗಿನ ಅಂಚು ಕೈ ಕೊಯ್ಯುತ್ತದೆ. ಒಳಗೆ ಕೈ ಹಾಕಬಾರದು.’ ಕೆಳಗೆ ಎರಡು ಗೆರೆಯನ್ನೂ ಎಳೆದೆ.

ಕನ್ನಡದಲ್ಲಿ ಬರೆದೆ ಎಂಬುದನ್ನು ಇಲ್ಲಿ ಹೇಳಬೇಕು. ನಮ್ಮದು ತಲೆಮಾರುಗಳಿಂದ ಈ ಊರಿನಲ್ಲಿ ನೆಲೆ ನಿಂತ ನೇಕಾರರ ಮನೆ. ಮನೆಯಲ್ಲಿ ಕನ್ನಡ ಮಾತಿದೆ, ಅಕ್ಷರ ಇಲ್ಲ. ಅಪ್ಪ, ಅಮ್ಮ, ಅಕ್ಕ ಎಲ್ಲರೂ ಓದಿದ್ದು ತಮಿಳು. ನನಗೆ ಅಕ್ಷರ ಕಲಿಸಿದ್ದು ಮಹಡಿಯ ಮನೆಗೆ ಬಾಡಿಗೆಗೆ ಬಂದಿದ್ದ ಮೈಸೂರು ಕಡೆಯ ಒಬ್ಬ ನಿವೃತ್ತ ಟೀಚರು. ಆಗ ನನಗೆ ಮೂವತ್ತೆಂಟು. ಕಲಿತ ಮೇಲೆ ತಪಾಸಣೆಯ ಟಿಪ್ಪಣಿಗಳನ್ನು ಕನ್ನಡದಲ್ಲೇ ಬರೆಯತೊಡಗಿದೆ. ಶೆಡ್ಡಿನಲ್ಲಿ ಯಾರು ನನ್ನ ಪುಸ್ತಕ ತಿರುವಿ ಹಾಕಿದರೂ ಅವರಿಗೆ ಅರ್ಥವಾಗುತ್ತಿರಲಿಲ್ಲ. ಆ ಗುಟ್ಟಿನಲ್ಲಿ ನನಗೊಂದು ಸಣ್ಣ ಹೆಮ್ಮೆಯಿತ್ತು.

ಮಾದರಿಯನ್ನು ಒಂದು ತಿಂಗಳು ನಿಜವಾದ ಜಾಗದಲ್ಲಿ ಉಪಯೋಗಿಸಿ ನೋಡಬೇಕು ಎಂದು ನಾನೇ ಹೇಳಿದೆ. ಎಸಿ ಕೋಣೆಯಲ್ಲಿ ಎಲ್ಲವೂ ಚೆನ್ನಾಗಿಯೇ ಓಡುತ್ತದೆ. ಬಿಸಿಲು, ಧೂಳು, ದಿನವಿಡೀ ಕೆಲಸ ಇರುವ ಕಡೆ ಇಡಬೇಕು. ನನಗೆ ಅಂಥ ಜಾಗ ಒಂದು ಗೊತ್ತಿತ್ತು, ತಿರುಪ್ಪೂರಿನ ನಮ್ಮಕ್ಕನ ಮನೆ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಬನಿಯನ್ ಕಂಪನಿಗಳಿಗೆ ಪ್ಯಾಟರ್ನ್ ಮಾಡಿಕೊಡುತ್ತಾಳೆ. ಮೊದಲು ರಟ್ಟಿನ ಮೇಲೆ ಪೆನ್ಸಿಲಿನಿಂದ ಗೀಚಿ ಕತ್ತರಿಯಲ್ಲಿ ಕತ್ತರಿಸುತ್ತಿದ್ದವಳು ಐವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತು ಅದರಲ್ಲೇ ಗೀಚತೊಡಗಿದಳು. ಕೊರಳು ಎಷ್ಟು ಇಳಿಯಬೇಕು, ತೋಳು ಎಲ್ಲಿ ಬಾಗಬೇಕು ಎಂಬುದು ಅವಳ ಬೆರಳಿಗೆ ಗೊತ್ತು. ಕೆಲಸದ ಕೋಣೆಯ ಹಿಂದೆಯೇ ಶೆಡ್ಡು. ಅಲ್ಲಿ ಬಾವ ಆರು ಓವರ್‌ಲಾಕ್ ಮಿಷನ್ ಓಡಿಸುತ್ತಾರೆ. ಆ ಮಿಷನ್ನುಗಳು ದಿನವಿಡೀ ಬಟ್ಟೆಯ ಅಂಚು ಕತ್ತರಿಸಿ ಹತ್ತಿಯ ನವಿರು ಹಾರಿಸುತ್ತವೆ. ಅದನ್ನು ಅಲ್ಲಿ ಪಂಜು ಎನ್ನುತ್ತಾರೆ. ಅಕ್ಕನ ಮನೆಯಲ್ಲಿ ಪಂಜು ಸಾಂಬಾರಿನಲ್ಲೂ ಇರುತ್ತದೆ.

ಬಾವನ ವ್ಯಾನಿನಲ್ಲೇ ಪೆಟ್ಟಿಗೆ ತಿರುಪ್ಪೂರಿಗೆ ಹೋಯಿತು. ಹಳೆಯ ಕ್ಯಾಬಿನೆಟ್ಟಿನ ಒಳಗಿದ್ದುದನ್ನೆಲ್ಲ ಇದಕ್ಕೆ ಸೇರಿಸಿ ಕೂರಿಸಿದೆ. ಆನ್ ಮಾಡಿದಾಗ ಗಾಜಿನ ಹಿಂದೆ ಕೆಂಪು, ಹಸಿರು, ನೀಲಿ ಬೆಳಕು ಸುತ್ತತೊಡಗಿತು. ಅಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಮುದ್ದಿಗೆ ಅವಳು ನನ್ನನ್ನು ಕರೆಯುವುದು ‘ಕಣ್ಣು’ ಎಂದು.

“ಏನು ಕಣ್ಣು ಇದು, ಮೀನ್ ತೊಟ್ಟಿ ಇದ್ದಂಗೆ ಇದೆ. ಒಳಗೆ ಎರಡು ಮೀನು ಬಿಡ್ಲಾ?”

“ಬಿಡಬೇಡ. ಒಂದು ತಿಂಗಳು ಕೆಲಸ ಮಾಡು. ಏನು ತೊಂದರೆ ಆದರೂ ಈ ಪುಸ್ತಕದಲ್ಲಿ ಬರೆದಿಡು.”

ನನ್ನ ನೋಟುಪುಸ್ತಕವನ್ನೇ ಅವಳಿಗೆ ಕೊಟ್ಟೆ. ಎಡಗಡೆಯ ಪುಟದಲ್ಲಿ ನನ್ನ ಟಿಪ್ಪಣಿ ಕನ್ನಡದಲ್ಲಿ, ಬಲಗಡೆಯ ಪುಟದಲ್ಲಿ ಅವಳು ತಮಿಳಿನಲ್ಲಿ ಬರೆಯುವುದು ಎಂದು ಮಾತಾಯಿತು. ಅಂಚಿನ ವಿಷಯವನ್ನು ಬಾಯಲ್ಲಿ ಹೇಳಲಿಲ್ಲ. ಬಳಸುವವರಿಗೆ ಮುಂಚೆಯೇ ತಪ್ಪು ಹೇಳಿಕೊಟ್ಟರೆ ಪರೀಕ್ಷೆ ಕೆಡುತ್ತದೆ ಎಂಬ ಲೆಕ್ಕ ತಲೆಯಲ್ಲಿತ್ತು. ಈಗ ಅದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಅವಳು ಬಳಸುವವಳಲ್ಲ, ನನ್ನ ಅಕ್ಕ.

ಮೊದಲ ವಾರ ಅವಳ ಪುಟದಲ್ಲಿ ಎರಡೇ ಸಾಲು. ದೀಪ ಕಣ್ಣಿಗೆ ಚುಚ್ಚುತ್ತದೆ, ಕಪ್ಪು ಬನಿಯನ್ ಬಟ್ಟೆ ಅಂಟಿಸಿದ್ದೇನೆ. ಪೆನ್‌ಡ್ರೈವ್ ತೂತಿನಲ್ಲಿ ಪಂಜು, ಪಿನ್ನಿನಿಂದ ತೆಗೆದೆ. ಎರಡನೆಯ ವಾರ ಮೇಜಿನ ಮೇಲಿನ ರಟ್ಟಿನ ಪ್ಯಾಟರ್ನುಗಳ ಕಟ್ಟು ಜಾರಿ ನೆತ್ತಿಯ ಗುಂಡಿಯ ಮೇಲೆ ಬಿದ್ದು ಕಂಪ್ಯೂಟರ್ ಆಫ್ ಆಯಿತು. ಅರ್ಧ ದಿನ ಕೂತು ಬರೆದ ಮಕ್ಕಳ ಅಂಗಿಯ ಐದು ಸೈಜು ಹೋಯಿತು. ಅವಳು ಆ ಗುಂಡಿಯ ಮೇಲೆ ಕುಂಕುಮದ ಹಿತ್ತಾಳೆ ಭರಣಿಯ ಮುಚ್ಚಳವನ್ನು ಬೋರಲು ಹಾಕಿ ಟೇಪು ಸುತ್ತಿದಳು. ಅಷ್ಟು ದೊಡ್ಡ ಲ್ಯಾಪ್‌ಟಾಪಿನವರಿಗೆ ಹೊಳೆಯದ್ದು ನಮ್ಮಕ್ಕನಿಗೆ ಕುಂಕುಮದ ಮುಚ್ಚಳದಲ್ಲಿ ಹೊಳೆಯಿತು. ನಾನು ಭಾನುವಾರ ಹೋದಾಗ ನಗುತ್ತ ಅದನ್ನೂ ಬರೆದುಕೊಂಡೆ. ನಗುವ ವಿಷಯ ಎಂದೇ ಅನ್ನಿಸಿತ್ತು.

ನಾಲ್ಕನೆಯ ವಾರ, ಒಂದು ಬುಧವಾರ ಮಧ್ಯಾಹ್ನ, ನಾನು ಮಾಲೀಕರ ಕೋಣೆಯಲ್ಲಿದ್ದೆ. ಚೆನ್ನೈಯವರು ಬಣ್ಣದ ತುಂಡುಗಳನ್ನು ಹರಡಿ ಕಪ್ಪು ಚೆನ್ನವೋ ಬೂದು ಚೆನ್ನವೋ ಎಂದು ಕೇಳುತ್ತಿದ್ದರು. ಅಕ್ಕನ ಫೋನು ಬಂತು.

“ಕಣ್ಣು, ಸಿಪಿಯು ಹತ್ತು ಹತ್ತು ನಿಮಿಷಕ್ಕೆ ನಿಂತ್‌ಹೋಗ್ತಿದೆ. ಮುಟ್ಟಿದ್ರೆ ದೋಸೆ ಕಲ್ಲು ಇದ್ದಂಗೆ ಸುಡ್ತಿದೆ. ಸಾಯಂಕಾಲಕ್ಕೆ ಪ್ಯಾಟರ್ನ್ ಕೊಡ್ಬೇಕು, ಏನ್ ಮಾಡ್ಲಿ?”

“ಪಂಜು ಕಟ್ಟಿಕೊಂಡಿರುತ್ತೆ ಅಕ್ಕ. ಪ್ಲಗ್ ತೆಗೆದುಬಿಡು. ಪಕ್ಕದ ಬಾಗಿಲು ಬಿಚ್ಚಿ, ಕೆಳಗಡೆ ಕೈ ಹಾಕಿ ಎಳೆದುಬಿಡು.”

“ಕೈ ಹಾಕ್ಬಹುದಾ?”

“ಹಾಕು, ಹಾಕು. ಮೀಟಿಂಗಲ್ಲಿದ್ದೀನಿ, ಅಪ್ಪುರಂ ಮಾತಾಡ್ತೀನಿ.”

ಅವಳು ಕೇಳಿದಳು. ಕೈ ಹಾಕಬಹುದಾ ಎಂದು ಬಾಯಿ ಬಿಟ್ಟು ಕೇಳಿದಳು. ಕಾಗದ ಎರಡಾದದ್ದನ್ನು ಕಣ್ಣಾರೆ ಕಂಡ ನಾನು ಹಾಕು ಎಂದೆ. ಆ ಹೊತ್ತಿನಲ್ಲಿ ನನಗೆ ಆ ಅಂಚು ನೆನಪೇ ಆಗಲಿಲ್ಲ. ಬರೆದಿಟ್ಟ ಮೇಲೆ ನನ್ನ ಕೆಲಸ ಮುಗಿಯಿತು ಎಂದು ತಲೆ ಅದನ್ನು ಕೆಳಗಿಳಿಸಿಬಿಟ್ಟಿತ್ತು.

ಇಪ್ಪತ್ತು ನಿಮಿಷಕ್ಕೆ ಬಾವನ ಫೋನು ಬಂತು. ಗಟ್ಟಿಯಾಗಿ ಕಚ್ಚಿಕೊಂಡಿದ್ದ ಪಂಜನ್ನು ಅಕ್ಕ ತೋರುಬೆರಳು ಕೊಕ್ಕೆ ಮಾಡಿ ಜೋರಾಗಿ ಎಳೆದಿದ್ದಾಳೆ. ಪಂಜು ಸಡಿಲಗೊಂಡ ರಭಸಕ್ಕೆ ಕೈ ಮೇಲೆದ್ದು ಆ ಅಂಚಿಗೆ ಹೋಗಿದೆ. ಬೆರಳಿನ ಒಳಬದಿ ಉದ್ದಕ್ಕೆ ಸೀಳಿದೆ. “ರಕ್ತ ನಿಲ್ತಾ ಇಲ್ಲ, ಆಸ್ಪತ್ರೆಗೆ ಹೋಗ್ತಿದ್ದೀವಿ” ಎಂದರು. ಬಾವ ಸದಾ ಮೆಲ್ಲಗೆ ಮಾತನಾಡುವವರು. ಅವತ್ತು ಆ ದನಿಯನ್ನು ನಾನು ಗುರುತು ಹಿಡಿಯಲಿಲ್ಲ.

ನಾನು ಬಸ್ಸು ಹಿಡಿದು ತಿರುಪ್ಪೂರು ಸೇರುವಷ್ಟರಲ್ಲಿ ಅವಳನ್ನು ಒಳಗೆ ಕರೆದೊಯ್ದಿದ್ದರು. ಚರ್ಮ ಮಾತ್ರವಲ್ಲ, ಬೆರಳನ್ನು ಮಡಿಸುವ ನರವೂ ತುಂಡಾಗಿದೆ ಎಂದು ಬಾವ ಹೇಳಿದರು. ಡಾಕ್ಟರ್ ಹೊರಗೆ ಬಂದು ಅದು ನರವಲ್ಲ, ಸ್ನಾಯುವಿನ ಹಗ್ಗ ಎಂದು ವಿವರಿಸಿದರು. ಜೋಡಿಸಿದ್ದೇವೆ, ಆರು ವಾರ ಪಟ್ಟಿ, ಆಮೇಲೆ ವ್ಯಾಯಾಮ, ಮೊದಲಿನ ಹಾಗೆ ಪೂರ್ತಿ ಮಡಿಸುತ್ತದೆಂದು ಹೇಳಲಾರೆ ಎಂದರು. “ಏನು ಕೊಯ್ದದ್ದು, ಮಿಷನ್ನಾ?” ಎಂದು ಕೇಳಿದರು.

“ಕಂಪ್ಯೂಟರ್” ಎಂದೆ.



ಅಕ್ಕನ ಬಟ್ಟೆ ತರಲು ಮನೆಗೆ ಹೋದೆ. ಕೆಲಸದ ಕೋಣೆಯಲ್ಲಿ ಪೆಟ್ಟಿಗೆ ಪಕ್ಕದ ಬಾಗಿಲು ತೆರೆದುಕೊಂಡು ಹಾಗೆಯೇ ಕೂತಿತ್ತು. ಬಗ್ಗಿದೆ. ಮೊದಲು ಬಂದದ್ದು ವಾಸನೆ. ಬಿಸಿ ಧೂಳು, ಕಮರಿದ ಹತ್ತಿ, ಜಿರಳೆ, ಅದರ ಮೇಲೆ ರಕ್ತ. ತಳದಲ್ಲಿ ಪಂಜು ಬೆರಳು ದಪ್ಪ ಕಂಬಳಿಯಾಗಿ ಹೆಪ್ಪುಗಟ್ಟಿತ್ತು. ಅಕ್ಕ ಎಳೆದ ಕಡೆ ಅದು ಹರಿದು, ಹರಿದ ಬಾಯಿಯ ಸುತ್ತ ಕೆಂಪಾಗಿ ನೆನೆದಿತ್ತು. ಅದರೊಳಗೆ ಜಿರಳೆಯ ಮೊಟ್ಟೆಯ ಕಂದು ಚೀಲಗಳು ಹುಣಸೆ ಬೀಜದ ಹಾಗೆ ಸಿಕ್ಕಿಕೊಂಡಿದ್ದವು. ಬೆಚ್ಚಗಿರಲಿ ಎಂದು ಬಂದು ಸತ್ತ ಒಂದು ಹಲ್ಲಿ, ಒಣಗಿ, ಬಾಲ ಫ್ಯಾನಿಗೆ ಸುತ್ತಿಕೊಂಡು. ಒಂದು ಜಿರಳೆ ರಕ್ತದ ಹತ್ತಿರ ಮೀಸೆ ಆಡಿಸುತ್ತ ನಿಂತಿತ್ತು, ನನ್ನನ್ನು ಕಂಡೂ ಓಡಲಿಲ್ಲ. ನಾನು ಹಿತ್ತಲಿಗೆ ಓಡಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ವಾಂತಿ ಮಾಡಿಕೊಂಡೆ.

ನಾಲ್ಕೇ ವಾರ. ಗಾಳಿ ಬರದೆ ಏದುಸಿರು ಬಿಡುತ್ತ ಆ ಪೆಟ್ಟಿಗೆ ತಳದಿಂದ ಎಳೆಯಬಹುದಾದ ಕೊಳೆಯನ್ನೆಲ್ಲ ಎಳೆದುಕೊಂಡಿತ್ತು. ಮುಂದಿನ ಗಾಜು ಮಾತ್ರ ಫಳಫಳ.

ಮುಖ ತೊಳೆದು ಮತ್ತೆ ಒಳಗೆ ಬಂದೆ. ಅಡುಗೆಮನೆಯಿಂದ ಹಳೆಯ ಟಿಫಿನ್ ಡಬ್ಬಿಯೊಂದನ್ನು ತೆಗೆದುಕೊಂಡು, ಇಕ್ಕಳದಿಂದ ಆ ಪಂಜಿನ ಕಂಬಳಿಯನ್ನು ಹಿಡಿದು, ಹಲ್ಲಿ ಸಮೇತ ಅದರಲ್ಲಿ ತುಂಬಿ ಮುಚ್ಚಳ ಹಾಕಿದೆ. ಯಾಕೆ ಎಂದು ಆಗ ಗೊತ್ತಿರಲಿಲ್ಲ. ಎಸೆಯಬಾರದು ಎಂದಷ್ಟೇ ಗೊತ್ತಿತ್ತು. ನೋಟುಪುಸ್ತಕ ಕೀಬೋರ್ಡಿನ ಪಕ್ಕದಲ್ಲಿ ತೆರೆದೇ ಇತ್ತು. ಅದನ್ನೂ ತೆಗೆದುಕೊಂಡೆ.

ಮಾರನೆಯ ದಿನ ಅಕ್ಕ ಹಾಸಿಗೆಗೆ ಒರಗಿ ಕೂತಿದ್ದಳು. ಬಲಗೈ ಮೊಣಕೈವರೆಗೆ ಬಿಳಿ ಪಟ್ಟಿ. ನಾನು ಹೇಳಬೇಕಾದ್ದನ್ನು ಹೇಗೆ ಹೇಳುವುದೆಂದು ತಿಳಿಯದೆ ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಅವಳೇ ಎಡಗೈಯಲ್ಲಿ ಆ ಪುಟ ತೋರಿಸಿದಳು.

“ಇಲ್ಲಿ ಎರಡು ಗೆರೆ ಹಾಕಿದ್ದೀಯಲ್ಲ, ಇದು ಏನು? ದಿನಾ ನೋಡ್ತಿದ್ದೆ. ಏನೋ ಮುಖ್ಯವಾದ್ದು ಅಂತ ಗೊತ್ತಾಗ್ತಿತ್ತು.”

ಓದಿದೆ. ಗೂಡಿನ ಕೆಳಗಿನ ಅಂಚು ಕೈ ಕೊಯ್ಯುತ್ತದೆ. ಒಳಗೆ ಕೈ ಹಾಕಬಾರದು.

ಅದು ಅವಳದೇ ಮಾತು. ಹುಟ್ಟಿದಂದಿನಿಂದ ಆಡಿದ ಭಾಷೆ. ನಾಲ್ಕು ವಾರ ಅವಳ ಕೈಯ ಪಕ್ಕದಲ್ಲೇ ಇತ್ತು.

ಅವಳು ಆ ಎರಡು ಗೆರೆಯ ಮೇಲೆ ಎಡಗೈ ಬೆರಳು ಎಳೆದಳು. ಆಮೇಲೆ, “ನಿನಗೆ ಮೊದಲೇ ಗೊತ್ತಿತ್ತಾ?” ಎಂದಳು.

“ಗೊತ್ತಿತ್ತು.”

“ಅರ ಹಾಕಿ ಉಜ್ಜೋದಕ್ಕೆ ಎಷ್ಟೊತ್ತು ಹಿಡೀತಿತ್ತು?”

“ಐದು ನಿಮಿಷ.”

ಅವಳು ಕಿಟಕಿಯ ಕಡೆ ತಿರುಗಿದಳು. ಬಾವ ಇಡ್ಲಿಯ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತವರು ಒಳಗೆ ಬರಲೋ ಬೇಡವೋ ಎಂದು ಅಲ್ಲೇ ಉಳಿದರು.

“ನಿನ್ನ ಪರೀಕ್ಷೆ ನಾನೇನು ಕಂಡೆ,” ಎಂದಳು ಅಕ್ಕ ಕೊನೆಗೆ. “ಇನ್ನೊಂದ್ ಸಲ ಈ ತರ ಏನಾದ್ರೂ ಗೊತ್ತಾದ್ರೆ ಮೊದಲು ಬಾಯಲ್ಲಿ ಹೇಳು. ಅಪ್ಪುರಂ ಬರ್ಕೋ. ಯಾವ ಎಳುತ್ತಲ್ಲಿ ಬೇಕಾದ್ರೂ ಬರ್ಕೋ.”

ಎಳುತ್ತು ಎಂದರೆ ಅಕ್ಷರ. ಬೈದಿದ್ದರೆ ಒಳ್ಳೆಯದಿತ್ತು. ಅವಳು ಬೈಯಲಿಲ್ಲ. ಎಡಗೈಯಲ್ಲಿ ಇಡ್ಲಿ ಮುರಿಯಲು ಹೋಗಿ ಚಟ್ನಿ ಸೀರೆಯ ಮೇಲೆ ಚೆಲ್ಲಿಕೊಂಡಳು. ನಾನು ಒರೆಸಲು ಹೋದರೆ, “ಬಿಡು, ನಾನೇ ಒರಸ್ಕೋತೀನಿ” ಎಂದಳು.

ವರದಿಯನ್ನು ಆ ವಾರವೇ ಬರೆದೆ. ಏಳು ಪುಟ, ಇಂಗ್ಲಿಷಿನಲ್ಲಿ. ಏನನ್ನೂ ಬಿಡಲಿಲ್ಲ. ಸಭ್ಯತೆಗೆಂದು ಮೊದಲ ಪುಟದಲ್ಲಿ ‘ಮುಂಭಾಗ ನೋಡಲು ಆಕರ್ಷಕವಾಗಿದೆ’ ಎಂದು ಒಂದು ಸಾಲು ಸೇರಿಸಿದ್ದೆ. ಮುಂದಿನ ಸೋಮವಾರ ಮಾಲೀಕರ ಕೋಣೆಗೆ ಕರೆ ಬಂತು. ಚೆನ್ನೈಯವರೂ ಇದ್ದರು. ಮೇಜಿನ ಮೇಲೆ ಕ್ಯಾಬಿನೆಟ್ ತುಂಬುವ ರಟ್ಟಿನ ಡಬ್ಬದ ಮಾದರಿ ಇತ್ತು. ಅದರ ಮೇಲೆ ಗಾಜಿನ ಪೆಟ್ಟಿಗೆಯ ಚಿತ್ರ, ಚಿತ್ರದ ಕೆಳಗೆ ನನ್ನ ಆ ಸಾಲು. ‘ತಪಾಸಣೆಯಲ್ಲಿ ಆಕರ್ಷಕವೆಂದು ಮೆಚ್ಚುಗೆ ಪಡೆದದ್ದು’ ಎಂದು ಚಿನ್ನದ ಬಣ್ಣದಲ್ಲಿ ಅಚ್ಚಾಗಿತ್ತು.

ಏಳು ಪುಟದಲ್ಲಿ ಅವರಿಗೆ ಕಂಡದ್ದು ಅದೊಂದೇ.

“ಉಳಿದದ್ದನ್ನು ಓದಿದಿರಾ?” ಎಂದು ಕೇಳಿದೆ.

“ಓದಿದೆ ಮೇಡಂ,” ಎಂದರು ಚೆನ್ನೈಯವರು, ಅದೇ ಮೆಲುದನಿಯಲ್ಲಿ. “ನಿಮ್ಮ ಮನೆಯವರಿಗೆ ಹಾಗಾದದ್ದು ತುಂಬ ಬೇಸರ. ಆದರೆ ಅದು ಒಳಗಿನ ಅಂಚು. ಗ್ರಾಹಕರು ಒಳಗೆ ಕೈ ಹಾಕುವುದಿಲ್ಲ. ಹಾಕುವುದಾದರೆ ಕೈಗವಸು ಹಾಕಿಕೊಳ್ಳಬೇಕು ಎಂದು ಪುಸ್ತಿಕೆಯಲ್ಲಿ ಸೇರಿಸೋಣ. ಮತ್ತೆ, ಅಷ್ಟು ಧೂಳು ಎಲ್ಲರ ಮನೆಯಲ್ಲೂ ಇರುವುದಿಲ್ಲವಲ್ಲ.”

ನಾನು ಚೀಲದಿಂದ ಟಿಫಿನ್ ಡಬ್ಬಿ ತೆಗೆದು ಆ ಚಿನ್ನದ ಅಕ್ಷರಗಳ ಪಕ್ಕದಲ್ಲಿಟ್ಟು ಮುಚ್ಚಳ ತೆರೆದೆ. ಐದು ದಿನ ಮುಚ್ಚಿಟ್ಟದ್ದು. ವಾಸನೆ ಕೋಣೆ ತುಂಬಿತು. ರಕ್ತ ಕಪ್ಪಾಗಿ ಪಂಜು ರೊಟ್ಟಿಯ ಹಾಗೆ ಗಟ್ಟಿಯಾಗಿತ್ತು. ಮೊಟ್ಟೆಯ ಚೀಲಗಳಲ್ಲಿ ಒಂದೆರಡು ಒಡೆದು, ಎಳ್ಳಿನಷ್ಟು ಮರಿಗಳು ಡಬ್ಬಿಯ ಅಂಚು ಹತ್ತತೊಡಗಿದವು. ಚೆನ್ನೈಯವರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಕುರ್ಚಿ ಹಿಂದಕ್ಕೆ ತಳ್ಳಿದರು.

“ಏನಮ್ಮಣಿ ಇದು?” ಎಂದರು ಮಾಲೀಕರು.

“ನಾವು ಮಾಡಿದ ಪೆಟ್ಟಿಗೆಯ ಒಳಗಿದ್ದದ್ದು ಅಯ್ಯಾ. ಕಪ್ಪಗಿರುವುದು ನಮ್ಮಕ್ಕನ ರಕ್ತ. ತಿರುಪ್ಪೂರಿನಲ್ಲಿ ಇದನ್ನು ಕೊಳ್ಳುವವರ ಮನೆಯಲ್ಲೆಲ್ಲ ಈ ಪಂಜೇ ಇರೋದು. ಅವರೆಲ್ಲ ಕೈ ಹಾಕಿಯೇ ತೆಗೀತಾರೆ.”

ಮಾಲೀಕರು ಮೂಗು ಮುಚ್ಚಿಕೊಳ್ಳಲಿಲ್ಲ. ಅದನ್ನು ಅವರ ಲೆಕ್ಕಕ್ಕೆ ಬರೆಯಬೇಕು. ಡಬ್ಬಿಯನ್ನು ಹತ್ತಿರ ಎಳೆದುಕೊಂಡು ನೋಡಿದರು, ಮುಚ್ಚಳ ಹಾಕಿದರು. ಎದ್ದು ಶೆಡ್ಡಿಗೆ ಇಳಿದರು. ನಾವಿಬ್ಬರೂ ಹಿಂದೆ ಹೋದೆವು. ಕತ್ತರಿಸುವ ಯಂತ್ರದ ಪಕ್ಕದಲ್ಲಿ ಆ ಗೂಡಿನ ತುಂಡುಗಳ ರಾಶಿ ಇತ್ತು. ಮೇಲಿನದೊಂದನ್ನು ಎತ್ತಿ ಹೆಬ್ಬೆರಳನ್ನು ಅಂಚಿನ ಮೇಲೆ ನಿಧಾನವಾಗಿ ಎಳೆದರು. ಸಣ್ಣದಾಗಿ ರಕ್ತ ಬಂತು. ಅದನ್ನು ಬಿಳಿ ವೇಷ್ಟಿಗೆ ಒರೆಸಿಕೊಂಡು, ಯಂತ್ರದ ಮೇಸ್ತ್ರಿಗೆ, “ಈ ಅಂಚನ್ನು ಒಳಗೆ ಮಡಿಸಿ. ಒಳಗೂ ಹೊರಗೂ, ಎಲ್ಲ ಅಂಚನ್ನೂ. ಮಡಿಸದ ತುಂಡು ಒಂದೂ ಮುಂದೆ ಹೋಗಬಾರದು” ಎಂದರು.

ಡಬ್ಬದ ಮೇಲಿನ ಸಾಲನ್ನೂ ತೆಗೆಸಿದರು. ನಾನು ಗಾಜಿನ ಮಾತೆತ್ತಿದೆ. ಗುಂಡಿಯ ಮಾತೆತ್ತಿದೆ. ತಳದ ಜಾಲರಿಯನ್ನು ಡ್ರಾಯರಿನ ಹಾಗೆ ಮುಂದಕ್ಕೆ ಎಳೆಯುವಂತೆ ಮಾಡಬಹುದು, ಮೀಟರ್ ಪೆಟ್ಟಿಗೆಗೆ ಮಾಡುವ ಕಂಬಿಯೇ ಸಾಕು ಎಂದೆ.

“ಜಾಲರಿ ನೋಡೋಣ,” ಎಂದರು. “ಗಾಜು ಇರಲಿ ಅಮ್ಮಣಿ. ಅಂಗಡಿಯವರು ಗಾಜು ನೋಡಿಯೇ ಆರ್ಡರ್ ಕೊಟ್ಟಿರುವುದು. ತೆಗೆದರೆ ಯಾರೂ ಮುಟ್ಟುವುದಿಲ್ಲ.”

ಜಾಲರಿ ಬದಲಾಗಲಿಲ್ಲ. ಗುಂಡಿ ನೆತ್ತಿಯ ಮೇಲೆಯೇ ಉಳಿಯಿತು. ಅಂಚು ಮಡಿಸಿದ, ಉಸಿರು ಕಟ್ಟುವ, ಕೊಳೆ ನುಂಗುವ ಪೆಟ್ಟಿಗೆಗೆ ನಾನು ಸಹಿ ಹಾಕಿದೆ. ಕೆಲಸ ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ನಾನು ಹೋದರೆ ಅಂಚು ನೋಡುವವರು ಯಾರು ಎಂದು ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ಎಷ್ಟು ನಿಜ, ಎಷ್ಟು ನೆಪ ಎಂದು ಇವತ್ತಿಗೂ ಬಿಡಿಸಲಾಗಿಲ್ಲ. ಸಹಿ ಹಾಕಿದ ದಿನ ಊಟದ ಡಬ್ಬಿ ತೆರೆಯಲಾಗದೆ ಹಾಗೆಯೇ ಮನೆಗೆ ತಂದೆ.

ಅಕ್ಕನ ಬೆರಳು ಅರ್ಧ ಮಡಿಸುತ್ತದೆ. ದಿನಾ ಬೆಳಿಗ್ಗೆ ಬಿಸಿನೀರಿನಲ್ಲಿ ಕೈಯಿಟ್ಟು ಒಂದು ಸ್ಪಂಜನ್ನು ಹಿಂಡುತ್ತಾಳೆ. ಮೌಸನ್ನು ಎಡಗೈಗೆ ಬದಲಿಸಿಕೊಂಡಳು. ಮೂರು ತಿಂಗಳಲ್ಲಿ ವೇಗ ಬಂತು. ದೊಡ್ಡ ಕತ್ತರಿ ಮಾತ್ರ ಹಿಡಿಯಲಾಗುವುದಿಲ್ಲ. ರಟ್ಟು ಕತ್ತರಿಸುವುದು ಈಗ ಬಾವ. ಅವರು ಕತ್ತರಿಸಿದ ತೋಳಿನ ಬಾಗು ಇವಳಿಗೆ ಎಂದೂ ಸರಿ ಕಾಣುವುದಿಲ್ಲ. “ಹಂಗಲ್ಲ, ಹಂಗಲ್ಲ” ಎಂದು ಗಾಳಿಯಲ್ಲಿ ಆ ಅರ್ಧ ಬೆರಳಿನಿಂದ ಗೆರೆ ಎಳೆದು ತೋರಿಸುತ್ತಾಳೆ. ಕ್ಯಾಬಿನೆಟ್ಟನ್ನು ನಾನು ವಾಪಸ್ಸು ತಂದ ಮೇಲೆ ಅವಳು ಹಳೆಯದಕ್ಕೂ ಹೋಗಲಿಲ್ಲ, ಹೊಸದನ್ನೂ ಕೊಳ್ಳಲಿಲ್ಲ. ಒಳಗಿನದನ್ನೆಲ್ಲ ಒಂದು ಹಲಗೆಯ ಮೇಲೆ ಬಿಡಿಯಾಗಿ ಕೂರಿಸಿಕೊಂಡು ಗೋಡೆಗೆ ಎತ್ತರದಲ್ಲಿ ಹೊಡೆಸಿದ್ದಾಳೆ. ಕೆಲಸ ಮುಗಿದ ಮೇಲೆ ಮೇಲೊಂದು ತೆಳು ಬಟ್ಟೆ. ನೋಡಲು ಚೆನ್ನಾಗಿಲ್ಲ. ಆದರೆ ಪಂಜು ಕೂತರೆ ಕಣ್ಣಿಗೆ ಕಾಣುತ್ತದೆ, ಬ್ರಷ್ಷಿನಿಂದ ಒಂದು ಸಲ ಸವರಿದರೆ ಹೋಗುತ್ತದೆ. ಒಂದು ಸಲವೂ ಬಿಸಿಯಾಗಿ ನಿಂತಿಲ್ಲ.

ಈಚೆಗೆ ಯಾವುದೋ ಕೆಲಸಕ್ಕೆ ಗಾಂಧಿಪುರಂ ಪೇಟೆಗೆ ಹೋದವಳು ಒಂದು ಕಂಪ್ಯೂಟರ್ ಅಂಗಡಿಯ ಹೊರಗೆ ನಮ್ಮ ಪೆಟ್ಟಿಗೆ ಕಂಡು ನಿಂತೆ. ಒಳಗೆ ಒಬ್ಬ ಹೆಂಗಸು, ನನ್ನದೇ ವಯಸ್ಸು, ನೆಲದ ಮೇಲೆ ಕೂತು ಅಂಥದೇ ಒಂದನ್ನು ಜೋಡಿಸುತ್ತಿದ್ದಳು. ಕೊಳ್ಳುವವಳ ಹಾಗೆ, ಇದು ಹೇಗೆ ಎಂದು ತಮಿಳಿನಲ್ಲಿ ಕೇಳಿದೆ.

“ಇದು ಕೈ ಕೊಯ್ಯಲ್ಲ ಅಕ್ಕ, ಅದೊಂದು ಪರವಾಗಿಲ್ಲ,” ಎಂದಳು ತಲೆಯೆತ್ತದೆ. “ಬಾಕಿಯೆಲ್ಲ ದರಿದ್ರ. ಗಾಜು ಹಾಕಿ ಕೊಡ್ತೀವಿ, ಎರಡು ತಿಂಗಳಿಗೆ ಬಿಸಿ ಆಗುತ್ತೆ ಅಂತ ವಾಪಸ್ಸು ತರ್ತಾರೆ. ನಾವು ಗಾಜು ಕಿತ್ತು ಕೊಟ್ಟು ಕಳಿಸ್ತೀವಿ.”

ಕೆಲಸ ಮಾಡುತ್ತಿದ್ದ ಅವಳ ಕೈ ನೋಡಿದೆ. ಬೆರಳುಗಳ ಮೇಲೆ, ಗಂಟುಗಳ ಮೇಲೆ, ಹೆಬ್ಬೆರಳ ಬುಡದಲ್ಲಿ ಹಳೆಯ, ಹೊಸ, ಬಿಳಿ, ಗುಲಾಬಿ ಬಣ್ಣದ ಗೀರುಗಳು.

“ಈ ಗೀರುಗಳು ಯಾವ ಕಂಪನಿಯವು?” ಎಂದು ಕೇಳಿದೆ.

ಅವಳು ಕೈಯನ್ನು ತಿರುಗಿಸಿ ತಾನೇ ಮೊದಲ ಸಲ ನೋಡುವವಳಂತೆ ನೋಡಿಕೊಂಡಳು. “ಯಾವುದು ಅಂತ ಹೇಳ್ಲಿ? ಎಲ್ಲಾ ಕಂಪನಿದೂ ಇದೆ” ಎಂದು ಮತ್ತೆ ಸ್ಕ್ರೂ ಎತ್ತಿಕೊಂಡಳು.

ಮರುದಿನ ಬೆಳಿಗ್ಗೆ ಗಾಜಿನ ಬಗ್ಗೆ, ವಾಪಸ್ಸು ಬರುವ ಪೆಟ್ಟಿಗೆಗಳ ಬಗ್ಗೆ ಎರಡು ಪುಟ ಬರೆದು ಮಾಲೀಕರ ಮೇಜಿನ ಮೇಲಿಟ್ಟೆ. ಇಡುವ ಮೊದಲು ಬಾಯಲ್ಲೂ ಹೇಳಿದೆ. ಸಭ್ಯತೆಯ ಸಾಲು ಈ ಸಲ ಒಂದೂ ಬರೆದಿಲ್ಲ. ಅವರು ಕೇಳಿಸಿಕೊಂಡು, “ನೋಡೋಣ ಅಮ್ಮಣಿ” ಎಂದರು. ಹತ್ತು ದಿನವಾಯಿತು. ಇನ್ನೂ ಏನೂ ಹೇಳಿಲ್ಲ.